ಮೀನು ತಿನ್ನುವ ಮನೆಯವನಲ್ಲ, ಆದರೆ ಕಡಲ ಜೀವಿಗಳ ಹುಚ್ಚು ಬಿಡುವುದಿಲ್ಲ. ಇನ್ನು ಎಲ್ಲಿಗೆ ಹೋಗಿ ನೋಡಲಿ?

ನೀರ್ಚಾಲು ಭಾವ
ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಅಡಿಕೆ ತೋಟ. ಪಕ್ಕದ ಮನೆಯಲ್ಲಿ ಮೀನು ಹುರಿದರೆ ನಮ್ಮಲ್ಲಿ ಕಿಟಕಿ ಹಾಕುವ ಪೈಕಿ. ನನಗೆ ಮಾತ್ರ ಸಣ್ಣದಿರುವಾಗಿನಿಂದ ಕಡಲ ಜೀವಿಗಳ ಹುಚ್ಚು. ತಿನ್ನಲಿಕ್ಕಲ್ಲ, ನೋಡಲಿಕ್ಕೆ.

ಬಿಡುವು ಸಿಕ್ಕಿದರೆ ಸ್ಕೂಟರ್ ಹತ್ತಿ ಕುಂಬಳೆ, ಮೊಗ್ರಾಲ್, ಶಿರಿಯ ಕಡೆ ಇಳಿಯುತ್ತೇನೆ. ಕೈರಂಪಣಿ, ಅಂದರೆ ದಡದಲ್ಲಿ ನಿಂತು ಎಳೆಯುವ ಬಲೆ, ಎಳೆಯುವುದು ಸಿಕ್ಕಿದರೆ ನನಗೆ ಹಬ್ಬ. ಬಂಗುಡೆ, ಬೂತಾಯಿ (ಮತ್ತಿ ಮೀನು) ಎಲ್ಲ ಬುಟ್ಟಿಗೆ ಹೋಗುತ್ತದೆ. ಯಾರಿಗೂ ಬೇಡದ್ದು ಹೊಯಿಗೆಯ (ಮರಳಿನ) ಮೇಲೆ ಉಳಿಯುತ್ತದೆ. ನನಗೆ ಬೇಕಾದ್ದು ಅದೇ.

ಮೊನ್ನೆ ಆ ರಾಶಿಯಲ್ಲಿ ಒಂದು ಕಪ್ಪೆ ಬೊಂಡಾಸ್ (ಆಕ್ಟೋಪಸ್ಸಿನ ಬಳಗದ ಕಟಲ್‌ಫಿಶ್) ಇತ್ತು. ಇನ್ನೂ ಜೀವ ಇತ್ತು. ಬೆನ್ನ ಮೇಲೆ ಕಂದು ಪಟ್ಟೆಗಳು ತಲೆಯಿಂದ ಬಾಲದ ಕಡೆಗೆ ಒಂದರ ಹಿಂದೆ ಒಂದು ಸರಿಯುತ್ತಿದ್ದವು, ಗದ್ದೆಯ ಮೇಲೆ ಮೋಡದ ನೆರಳು ಓಡಿದ ಹಾಗೆ. ಒಮ್ಮೆ ಪೂರ್ತಿ ಬಿಳಿಚಿತು, ಮತ್ತೆ ಕಪ್ಪಾಯಿತು. ಕಣ್ಣಿನ ಪಾಪೆ ಗುಂಡಗಿಲ್ಲ, ಡೊಂಕು ಗೆರೆ. ನಾನು ಕೂತು ನೋಡುತ್ತಿದ್ದೆ. ಬಲೆಯವರೊಬ್ಬರು ‘ಎಂತ ಭಟ್ರೇ, ಬೇಕಾ?’ ಎಂದು ಕೇಳಿದರು. ಎಲ್ಲರೂ ನಕ್ಕರು.

ಮನೆಯಲ್ಲಿ ಅಮ್ಮನದ್ದು ಒಂದೇ ಮಾತು. ‘ಅಡಿಕೆ ಸುಲಿಯಲಿಕ್ಕೆ ಜನ ಇಲ್ಲ, ನೀನು ಸತ್ತ ಮೀನು ನೋಡಲಿಕ್ಕೆ ಹೋಗುವುದಾ?’

ನಮ್ಮ ಕಡೆ, ಅಂದರೆ ಕರ್ನಾಟಕದ ಗಡಿಯ ತಲಪಾಡಿಯಿಂದ ನೀಲೇಶ್ವರದವರೆಗೆ, ಹೀಗೆ ನೋಡಲಿಕ್ಕೆ ಬೇರೆ ಜಾಗ ಎಲ್ಲಿ ಉಂಟು? ಯಾವ ಕಾಲ ಒಳ್ಳೆಯದು? ನನ್ನ ಹಾಗಿನವರು ಬೇರೆ ಯಾರಾದರೂ ಇದ್ದೀರಾ?

ಮೊಗ್ರಾಲ್ ಕಡಪ್ಪುರ
ಇದ್ದೇವೆ ಮಾರಾಯ್ರೇ. ನಮ್ಮದು ಬಲೆಯ ಮನೆ. ಅಪ್ಪ, ದೊಡ್ಡಪ್ಪ ಎಲ್ಲ ಅದೇ ಕೆಲಸ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ಮೊಬೈಲ್ ಹಿಡಿದು ಸುಮ್ನೆ ನಿಂತರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಹಗ್ಗಕ್ಕೆ ಒಂದು ಕೈ ಹಾಕಿ. ಆಮೇಲೆ ರಾಶಿಯಲ್ಲಿ ಏನು ಬೇಕಾದರೂ ಹೆಕ್ಕಿ ನೋಡಿ, ಅವರೇ ಕರೆದು ತೋರಿಸುತ್ತಾರೆ. ಸೆಪ್ಟೆಂಬರ್ ಕಳೆದು ಕಡಲು ಶಾಂತ ಆದ ಮೇಲೆ ಬೆಳಗ್ಗೆ ಬೇಗ ಬನ್ನಿ.

ನೀಲಿ ನೀರು
ಸತ್ತ ರಾಶಿ ನೋಡಿ ಕಡಲು ನೋಡಿದೆ ಅಂದರೆ ಹೇಗೆ? ನೀರಿನ ಒಳಗೆ ಇಳಿಯಬೇಕು ಸ್ವಾಮಿ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಕ್ಕೆ ಕರೆದುಕೊಂಡು ಹೋಗುತ್ತಾರೆ. ಮಳೆಗಾಲ ಬಿಟ್ಟು ಉಳಿದ ಕಾಲದಲ್ಲಿ. ಹವಳ, ಗಿಳಿಮೀನು, ಅದೃಷ್ಟ ಇದ್ದರೆ ಆಮೆ. ಒಮ್ಮೆ ಹೋಗಿ ಬನ್ನಿ, ಮತ್ತೆ ಈ ಕೈರಂಪಣಿ ರಾಶಿ ನೆನಪಿಗೂ ಬರುವುದಿಲ್ಲ.

ಮೊಗ್ರಾಲ್ ಕಡಪ್ಪುರ
ನೀಲಿ ನೀರು ಅವರೇ, ಅರ್ಧ ಗಂಟೆ ನೀರೊಳಗೆ ಇದ್ದು ಬರಲಿಕ್ಕೆ ನೀವು ಕೊಡುವ ದುಡ್ಡಲ್ಲಿ ನಮ್ಮ ಮನೆಗೆ ವಾರದ ಸಾಮಾನು ಬರುತ್ತದೆ. ಅಲ್ಲಿ ಹತ್ತು ಬಗೆ ಕಾಣಬಹುದು. ನಮ್ಮ ಒಂದು ಬಲೆಯಲ್ಲಿ ಅದಕ್ಕಿಂತ ಜಾಸ್ತಿ ಬಗೆ ಬರುತ್ತದೆ.

ನೀಲಿ ನೀರು
ಬರುತ್ತದೆ, ಆದರೆ ಹೇಗೆ ಬದುಕುತ್ತದೆ ಅಂತ ಗೊತ್ತಾಗುವುದಿಲ್ಲ ಅಲ್ವಾ? ನಾನು ಹೇಳಿದ್ದು ಅಷ್ಟೇ.

ಮಂಜೇಶ್ವರದ ಟೀಚರ್
ಇಬ್ಬರೂ ಜಗಳ ನಿಲ್ಲಿಸಿ. ಬಲೆಗೂ ಸ್ಕೂಬಾಕ್ಕೂ ನಡುವೆ ಒಂದು ಜಾಗ ಉಂಟು, ಬಂಡೆಗಳ ಸಂದಿಯ ನೀರಗುಂಡಿ. ಬೇಕಲ ಕೋಟೆಯ ಬುಡದಲ್ಲಿ ಸಿಗುತ್ತದೆ. ಗಡಿ ದಾಟಿದರೆ ಉಳ್ಳಾಲದ ಸೋಮೇಶ್ವರದ ಬಂಡೆಗಳು. ಬದುಕಿರುವುದನ್ನು ಬದುಕಿರುವ ಜಾಗದಲ್ಲೇ ನೋಡಬಹುದು, ಖರ್ಚು ಬಸ್ಸಿನದ್ದು ಮಾತ್ರ.

ಭಾವನವರಿಗೆ ಕಾಲ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರದ ದಿನಗಳಲ್ಲಿ ನೀರು ಎಲ್ಲಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಹೋಗಿ. ಪೂರ್ತಿ ಇಳಿಯುವ ಒಂದು ಗಂಟೆ ಮೊದಲೇ ಅಲ್ಲಿರಿ, ನೀರು ಏರಲು ಶುರುವಾದ ಕೂಡಲೇ ಮೇಲೆ ಬನ್ನಿ.

ಗುಂಡಿಯ ಪಕ್ಕ ಅಲ್ಲಾಡದೆ ಕೂರಬೇಕು. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಖಾಲಿ ಚಿಪ್ಪು ನಡೆಯಲು ಶುರುಮಾಡುತ್ತದೆ, ಒಳಗೆ ಸನ್ಯಾಸಿ ಏಡಿ. ಬಂಡೆಗೆ ಅಂಟಿದ ಬಿಳಿ ಉಬ್ಬುಗಳನ್ನು ನೋಡಿ, ಅವು ಬಾರ್ನಕಲ್. ನೀರಿನ ಕೆಳಗೆ ಇರುವಾಗ ಬಾಯಿ ತೆರೆದು ಗರಿಯಂಥದ್ದನ್ನು ಬೀಸುತ್ತವೆ. ಅದು ಕಾಲು! ಮರಿಯಾಗಿ ಈಜಿಕೊಂಡು ಬಂದು, ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಉಳಿದ ಆಯುಷ್ಯವೆಲ್ಲ ಕಾಲಲ್ಲಿ ಊಟ ಎಳೆದುಕೊಳ್ಳುವ ಪ್ರಾಣಿ. ಸಿಗಡಿ, ಏಡಿಯ ಸಂಬಂಧಿಕ. ಡಾರ್ವಿನ್ ಇದೇ ಪ್ರಾಣಿಯನ್ನು 1846ರಿಂದ 8 ವರ್ಷ ಕೂತು ಅಭ್ಯಾಸ ಮಾಡಿದ. ನಿಮ್ಮ ಅಮ್ಮನಿಗೆ ಅದನ್ನು ಹೇಳಿ.

ನೀರ್ಚಾಲು ಭಾವ
ಟೀಚರ್, ಬಹಳ ಉಪಕಾರ. ಅಮ್ಮನಿಗೆ ಡಾರ್ವಿನ್ ವಿಷಯ ಹೇಳಿದೆ. ‘ಅವನಿಗೆ ತೋಟ ಇತ್ತಾ?’ ಅಂತ ಕೇಳಿದರು.

ಪೆರ್ಲದ ವೈದ್ಯರ ಮೊಮ್ಮಗ
ಹ್ಹ ಹ್ಹ. ಭಾವ, ಅಮ್ಮನಿಗೆ ಇನ್ನೊಂದು ಹೇಳಿ. ನಮ್ಮ ಅಜ್ಜನ ಮದ್ದಿನ ಪೆಟ್ಟಿಗೆಯಲ್ಲಿ ಸಮುದ್ರಫೇನ ಅಂತ ಬಿಳಿ, ಹಗುರ, ಚಪ್ಪಟೆ ತುಂಡು ಇರುತ್ತಿತ್ತು. ಕಿವಿಯ ಮದ್ದಿಗೆ ಹಾಕುತ್ತಿದ್ದರು. ಕಡಲ ನೊರೆ ಗಟ್ಟಿಯಾದದ್ದು ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅದು ನಿಮ್ಮ ಕಪ್ಪೆ ಬೊಂಡಾಸಿನ ಬೆನ್ನೊಳಗಿನ ಚಿಪ್ಪು! ಅದರ ಒಳಗೆ ಸಾಲು ಸಾಲು ಸಣ್ಣ ಕೋಣೆಗಳು. ಯಾವ ಕೋಣೆಯಲ್ಲಿ ನೀರು, ಯಾವುದರಲ್ಲಿ ಗಾಳಿ ಅಂತ ಹೊಂದಿಸಿಕೊಂಡು ಪ್ರಾಣಿ ಮುಳುಗದೆ, ತೇಲದೆ ನಿಲ್ಲುತ್ತದೆ. ಸತ್ತ ಮೇಲೆ ಗಾಳಿ ತುಂಬಿದ ಚಿಪ್ಪು ತೇಲಿಕೊಂಡು ದಡಕ್ಕೆ ಬರುತ್ತದೆ. ಅಂದರೆ ಶುದ್ಧ ಸಸ್ಯಾಹಾರಿ ಮನೆಗಳ ಕಪಾಟಿನಲ್ಲಿ ತಲೆಮಾರುಗಳಿಂದ ಬೊಂಡಾಸ್ ಕೂತಿತ್ತು.

ಉಪ್ಪಳ ಲೋಕಲ್
ಈ ವಿಷಯ ನಮ್ಮ ಊರಿನ ಭಟ್ಟರಿಗೆ ಹೇಳಿದರೆ ಪೆಟ್ಟಿಗೆ ತೊಳೆಯಲಿಕ್ಕೆ ಹೋಗುತ್ತಾರೆ 😂

ನೀಲಿ ನೀರು
ಬೊಂಡಾಸಿನ ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಚರ್ಮದಲ್ಲಿ ಬಣ್ಣದ ಸಣ್ಣ ಸಣ್ಣ ಚೀಲಗಳು ಇರುತ್ತವೆ. ಪ್ರತಿ ಚೀಲದ ಸುತ್ತ ಸ್ನಾಯು. ಸ್ನಾಯು ಎಳೆದರೆ ಚೀಲ ಹರಡುತ್ತದೆ, ಬಣ್ಣ ಕಾಣುತ್ತದೆ. ಬಿಟ್ಟರೆ ಚುಕ್ಕೆಯಾಗಿ ಮುದುಡುತ್ತದೆ. ಎಲ್ಲ ನೇರ ಮೆದುಳಿನ ಕೈಯಲ್ಲಿ, ಅದಕ್ಕೇ ಅಷ್ಟು ಬೇಗ. ತಮಾಷೆ ಎಂತ ಅಂದರೆ ಅದಕ್ಕೆ ನಮ್ಮ ಹಾಗೆ ಬಣ್ಣ ಗುರುತಿಸುವ ಕಣ್ಣಿಲ್ಲ. ಒಂದೇ ಬಗೆಯ ಬೆಳಕಿನ ಕೋಶ. ಆದರೂ ಸುತ್ತಲಿನ ಬಣ್ಣಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತದೆ.

ಕುಂಬಳೆ ಸೀಮೆ
ಆಕ್ಟೋಪಸ್ಸಿಗೆ 9 ಮೆದುಳು, 3 ಹೃದಯ, ನೀಲಿ ರಕ್ತ ಅಂತ ವಾಟ್ಸಾಪಿನಲ್ಲಿ ಓದಿದ್ದೆ. ನಿಜವಾ?

ಮಂಜೇಶ್ವರದ ಟೀಚರ್
3 ಹೃದಯ ಸರಿ. ನೀಲಿ ರಕ್ತವೂ ಸರಿ, ನಮ್ಮ ರಕ್ತದಲ್ಲಿ ಕಬ್ಬಿಣ ಇರುವ ಕಡೆ ಅದಕ್ಕೆ ತಾಮ್ರ. 9 ಮೆದುಳು ಸ್ವಲ್ಪ ಎಳೆದದ್ದು. ಮೆದುಳು ಒಂದೇ. ಆದರೆ ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಪಾಲು ತೋಳುಗಳಲ್ಲೇ ಇವೆ. ತೋಳು ತನ್ನಷ್ಟಕ್ಕೆ ತಡಕಾಡಿ ರುಚಿ ನೋಡಿ ತೀರ್ಮಾನ ಮಾಡುತ್ತದೆ.

ಉಪ್ಪಳ ಲೋಕಲ್
ಕಡಲು ಬಿಡಿ, ನಮ್ಮ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಬಗ್ಗೆ ಯಾರಾದರೂ ಹೇಳಿ. ಕೆರೆಯ ಗುಹೆಯೊಳಗಿಂದ ತಿರುವನಂತಪುರಕ್ಕೇ ದಾರಿ ಉಂಟಂತೆ.

ಮೊಗ್ರಾಲ್ ಕಡಪ್ಪುರ
ಕಡಲಿನ ಚರ್ಚೆಗೆ ಕೆರೆಯ ಮೊಸಳೆ ಯಾಕೆ ತಂದಿರಿ?

ಉಪ್ಪಳ ಲೋಕಲ್
ಯಾಕೆ ಅಂದರೆ ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ, ಮೀನು ತಿನ್ನದ ಮೀನುಪ್ರಿಯ ಭಾವ, ಇಬ್ಬರೂ ನಮ್ಮ ಕುಂಬಳೆ ಸೀಮೆಯವರೇ.

ಕುಂಬಳೆ ಸೀಮೆ
ಬಬಿಯಾ ತೀರಿಕೊಂಡ ದಿನ, 2022ರ ಅಕ್ಟೋಬರ್, ನಾನೂ ಹೋಗಿದ್ದೆ. ಏನು ಜನ! ಮರುವರ್ಷ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಎಲ್ಲಿಂದ ಬಂತು ಅಂತ ಕೇಳಬೇಡಿ. ಅದು ಸಿಹಿನೀರಿನ ಜಾತಿ, ಕಡಲಿಗೆ ಸಂಬಂಧ ಇಲ್ಲ. ಮುಂದೆ ಹೋಗೋಣ.

ಚೆರುವತ್ತೂರಿನ ಸೊಸೆ
ನಾನು ಬದಿಯಡ್ಕದ ಹುಡುಗಿ, ಮದುವೆಯಾಗಿ ಚೆರುವತ್ತೂರಿಗೆ ಬಂದವಳು. ಭಾವನವರೇ, ಒಮ್ಮೆ ಈ ಕಡೆ ಬನ್ನಿ. ಇಲ್ಲಿ ಪಡನ್ನ, ವಲಿಯಪರಂಬ ಸುತ್ತ ಹಿನ್ನೀರಿನಲ್ಲಿ ಪಚ್ಚಿಲೆ (ತಿನ್ನುವ ಚಿಪ್ಪುಜೀವಿ, ಮಸಲ್) ಕೃಷಿ ಉಂಟು. ಇಲ್ಲಿಯವರಿಗೆ ಕಲ್ಲುಮ್ಮಕ್ಕಾಯ. ಹೆಂಗಸರ ಸಂಘಗಳೇ ಜಾಸ್ತಿ ಮಾಡುತ್ತಿರುವುದು.

ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಬಟ್ಟೆ ಸುತ್ತಿ ಹೊಲಿಯುತ್ತೇವೆ. ಬಿದಿರಿನ ಚಪ್ಪರಕ್ಕೆ ಕಟ್ಟಿ ನೀರಿಗೆ ಇಳಿಬಿಡುತ್ತೇವೆ. ಬಟ್ಟೆ ಕೊಳೆತು ಹೋಗುವ ಹೊತ್ತಿಗೆ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗ ಹಿಡಿದುಕೊಂಡಿರುತ್ತವೆ. ಆ ನೂಲು ಕೀಳಲಿಕ್ಕೆ ಪ್ರಯತ್ನ ಮಾಡಿ ನೋಡಿ, ಕೈ ಕೆಂಪಾಗುತ್ತದೆ. ನೀರೊಳಗೇ ಗಟ್ಟಿಯಾಗುವ ಅಂಟು ಅದು. ತಿನ್ನಲಿಕ್ಕೆ ನಾವೇನೂ ಹಾಕುವುದಿಲ್ಲ, ನೀರು ಸೋಸಿ ಅದರಲ್ಲಿರುವುದನ್ನೇ ತಿನ್ನುತ್ತವೆ. ಮಳೆ ಬರುವ ಮೊದಲು ತೆಗೆಯಲೇಬೇಕು. ಹೊಳೆಯ ಸಿಹಿನೀರು ಬಂದರೆ ಸಾಯುತ್ತವೆ. ಒಂದು ವರ್ಷ ಮಳೆ ಬೇಗ ಬಂದು ನಮ್ಮ ಸಂಘದ್ದು ಅರ್ಧ ಹೋಯಿತು. ಅದರ ಕತೆ ಬೇರೆ, ಪರಿಹಾರಕ್ಕೆ ಕಚೇರಿ ಅಲೆದದ್ದು ನೆನಪಾದರೆ ಈಗಲೂ ತಲೆನೋವು.

ಮೊದಲ ಸಲ ಮಾವ ತಟ್ಟೆಗೆ ಹಾಕಿದಾಗ ನಾನೂ ಮುಖ ತಿರುಗಿಸಿದ್ದೆ. ಈಗ ನೋಂಬು (ರಂಜಾನ್) ತಿಂಗಳಿನ ಸಂಜೆ ಪೇಟೆಗೆ ಹೋದರೆ ಅಕ್ಕಿಹಿಟ್ಟು ತುಂಬಿಸಿ ಹುರಿದದ್ದು ತಿನ್ನದೆ ಬರುವುದಿಲ್ಲ.

ಬೋಟ್ ಬಾಬಣ್ಣ
ಇಲ್ಲಿ ಎಲ್ಲರೂ ಕವಿಗಳ ಹಾಗೆ ಮಾತಾಡುತ್ತೀರಿ. ಕಡಲಲ್ಲಿ ಈಗ ಉಳಿದದ್ದು ಎಂತ? ನಾನು ಇಪ್ಪತ್ತು ವರ್ಷದಿಂದ ಬೋಟಿಗೆ ಹೋಗುತ್ತಿದ್ದೇನೆ. ಬೂತಾಯಿ ಒಂದು ಕಾಲದಲ್ಲಿ ತೆಂಗಿನ ಬುಡಕ್ಕೆ ಗೊಬ್ಬರ ಹಾಕುವಷ್ಟು ಬರುತ್ತಿತ್ತು. ಆಮೇಲೆ ಹುಡುಕಿದರೂ ಇಲ್ಲ.

ಮಂಜೇಶ್ವರದ ಟೀಚರ್
ಬಾಬಣ್ಣ ಹೇಳಿದ್ದಕ್ಕೆ ಲೆಕ್ಕವೂ ಉಂಟು. ಕೇರಳದಲ್ಲಿ 2012ರಲ್ಲಿ ಬೂತಾಯಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಬರೀ 3,300 ಟನ್ನಿನ ಆಸುಪಾಸು. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ಲೆಕ್ಕ. ಆಮೇಲೆ ಮತ್ತೆ ಬಂತು. ಈ ಮೀನು ಹಾಗೆಯೇ, 1940ರ ದಶಕದಲ್ಲೂ ಹೀಗೆ ಮಾಯವಾಗಿತ್ತು.

ಕಾರಣ ಒಂದೇ ಅಲ್ಲ. ಮಳೆಗಾಲದ ಗಾಳಿ ನಮ್ಮ ದಡದ ಮೇಲಿನ ನೀರನ್ನು ಹೊರಕ್ಕೆ ತಳ್ಳುತ್ತದೆ. ಆ ಜಾಗಕ್ಕೆ ಅಡಿಯಿಂದ ತಣ್ಣಗಿನ, ಸತ್ವ ತುಂಬಿದ ನೀರು ಏಳುತ್ತದೆ. ಅದರಿಂದ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ. ಬೂತಾಯಿಯ ಮುಖ್ಯ ಊಟ ಅದೇ. ನೀರು ಬಿಸಿಯಾದರೆ, ಗಾಳಿ ಹೆಚ್ಚುಕಮ್ಮಿಯಾದರೆ ಇಡೀ ಸಾಲು ಏರುಪೇರು.

ಉಪ್ಪಳ ಲೋಕಲ್
ಅಂದರೆ ಬೂತಾಯಿಯೂ ಸಸ್ಯಾಹಾರಿ! ಭಾವ, ನೀವು ಸ್ವಲ್ಪ ಯೋಚನೆ ಮಾಡಬಹುದು.

ನೀರ್ಚಾಲು ಭಾವ
ಹಸುವೂ ಸಸ್ಯಾಹಾರಿ ಮಾರಾಯ.

ಬೋಟ್ ಬಾಬಣ್ಣ
ಟೀಚರ್, ಗಾಳಿ ಬಿಸಿ ಎಲ್ಲ ಸರಿ. ಮರಿ ಹಿಡಿದವರನ್ನು ಯಾಕೆ ಬಿಟ್ಟಿರಿ? ಕೇರಳದಲ್ಲಿ ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14ಕ್ಕಿಂತ ಸಣ್ಣದು ಹಿಡಿಯಬಾರದು ಅಂತ ನಿಯಮ ಉಂಟು. ಮಾರ್ಕೆಟಿಗೆ ಹೋಗಿ ಸ್ಕೇಲು ಇಟ್ಟು ನೋಡಿ. ಮತ್ತೆ ಮಳೆಗಾಲದಲ್ಲಿ ಬೋಟು ಬಂದ್ ಮಾಡುವ ವಿಷಯ. ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಇಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ಮೀನಿಗೆ ತಲಪಾಡಿಯ ಗೇಟು ಗೊತ್ತುಂಟಾ?

ಮೊಗ್ರಾಲ್ ಕಡಪ್ಪುರ
ಬಾಬಣ್ಣ, ಮರಿ ಹಿಡಿಯುವುದು ಯಾರ ಬಲೆ? ನಮ್ಮ ಕೈರಂಪಣಿಯೋ ನಿಮ್ಮ ಬೋಟೋ? ಬೇಡದ್ದನ್ನೆಲ್ಲ ಟನ್‌ಗಟ್ಟಲೆ ಎಳೆದು ಫಿಶ್‌ಮೀಲಿಗೆ (ಮೀನಿನ ಹಿಟ್ಟು ಮಾಡುವವರಿಗೆ) ಕೊಡುವವರು ಯಾರು?

ಬೋಟ್ ಬಾಬಣ್ಣ
ಡೀಸೆಲ್ ದುಡ್ಡು ನೀವು ಕೊಡಿ, ನಾನು ದೊಡ್ಡದನ್ನೇ ಆರಿಸಿ ತರುತ್ತೇನೆ. ಹೇಳುವುದು ಸುಲಭ.

ಮೊಗ್ರಾಲ್ ಕಡಪ್ಪುರ
ನಮ್ಮ ಹೊಟ್ಟೆಯೂ ಅದೇ ಕಡಲಿನಲ್ಲಿ ಇರುವುದು ಬಾಬಣ್ಣ. ಇದು ಇಲ್ಲಿ ತೀರುವ ಮಾತಲ್ಲ.

ಬೋಟ್ ಬಾಬಣ್ಣ
ಸರಿ ಬಿಡಿ. ಭಾವನವರಿಗೆ ಒಂದು ಕುತೂಹಲದ್ದು ಹೇಳುತ್ತೇನೆ. ಮಲ್ಪೆ, ಮಂಗಳೂರು ಬಂದರಿಗೆ ಬೋಟು ಬರುವಾಗ ಹೋಗಿ. ಕಡುನೀಲಿ ಬಣ್ಣದ, ಕೆಂಪು ಹಲ್ಲಿನ, ಗಟ್ಟಿ ಚರ್ಮದ ಮೀನು ರಾಶಿ ಬಿದ್ದಿರುತ್ತದೆ. ನಾವು ಕಾರ್ಗಿಲ್ ಮೀನು ಅನ್ನುವುದು. ಕಾರ್ಗಿಲ್ ಯುದ್ಧದ ಕಾಲಕ್ಕೆ ಒಮ್ಮೆಲೇ ಬಲೆಗೆ ಬೀಳಲು ಶುರುವಾಯಿತು, ಅದಕ್ಕೇ ಆ ಹೆಸರು. ಮೊದಲು ಹಾಗೇ ಕಡಲಿಗೆ ಎಸೆಯುತ್ತಿದ್ದೆವು. ಬೆನ್ನಲ್ಲಿ ಒಂದು ಮುಳ್ಳು ಉಂಟು, ಎತ್ತಿ ನಿಲ್ಲಿಸಿದರೆ ನೀವು ಒತ್ತಿದರೂ ಮಡಚುವುದಿಲ್ಲ. ಅದರ ಹಿಂದಿನ ಸಣ್ಣ ಮುಳ್ಳನ್ನು ಒತ್ತಿ, ತಕ್ಷಣ ದೊಡ್ಡದು ಮಡಚಿಕೊಳ್ಳುತ್ತದೆ. ಬಂದೂಕಿನ ಕುದುರೆಯ ಲೆಕ್ಕ. ಹವಳದ ಸಂದಿಗೆ ಹೊಕ್ಕು ಮುಳ್ಳು ಎತ್ತಿದರೆ ಯಾರೂ ಎಳೆಯಲಿಕ್ಕಾಗುವುದಿಲ್ಲ.

ನೀರ್ಚಾಲು ಭಾವ
ಬಾಬಣ್ಣ! ಇದಕ್ಕೇ ನಾನು ಪೋಸ್ಟ್ ಹಾಕಿದ್ದು. ಇಂಥದ್ದು ಎಲ್ಲಿ ಸಿಗುತ್ತದೆ ಹೇಳಿ.

ರಾತ್ರಿ ಪಾಳಿ
ಕಡಲು ರಾತ್ರಿ ನೀಲಿಯಾಗಿ ಹೊಳೆಯುವುದನ್ನು ಯಾರಾದರೂ ನೋಡಿದ್ದೀರಾ? ಕಳೆದ ವರ್ಷ ಕೆಲಸ ಮುಗಿಸಿ ಬರುವಾಗ ಕಣ್ವತೀರ್ಥದಲ್ಲಿ ಗಾಡಿ ನಿಲ್ಲಿಸಿದ್ದೆ. ಅಲೆ ಒಡೆದ ಕಡೆಯೆಲ್ಲ ನೀಲಿ ಗೆರೆ. ಒದ್ದೆ ಹೊಯಿಗೆಯಲ್ಲಿ ಕಾಲಿಟ್ಟರೆ ಹೆಜ್ಜೆಯ ಸುತ್ತ ಕಿಡಿ. ನೀರಿನಲ್ಲಿ ಫಾಸ್ಫರಸ್ ಇರುತ್ತದಂತೆ.

ನೀಲಿ ನೀರು
ಫಾಸ್ಫರಸ್ ಅಲ್ಲ. ಅದು ನಾಕ್ಟಿಲ್ಯೂಕಾ ಎನ್ನುವ ಒಂದೇ ಕೋಶದ ಜೀವಿ. ನೀರು ಅಲುಗಿದರೆ ಅದರೊಳಗೆ ಲೂಸಿಫೆರಿನ್ ಎನ್ನುವ ವಸ್ತು ಆಮ್ಲಜನಕದ ಜೊತೆ ಸೇರಿ ಬೆಳಕು ಬರುತ್ತದೆ. ಮಿಂಚುಹುಳದಲ್ಲೂ ಅದೇ ಲೆಕ್ಕಾಚಾರ, ರಸಾಯನ ಮಾತ್ರ ಬೇರೆ. ಹಗಲು ಅದೇ ನೀರು ಕೆಂಪಾಗಿ ಅಥವಾ ಹಸಿರಾಗಿ ಕಾಣಬಹುದು. ಹಸಿರು ಇರುವುದು ಅದರ ಹೊಟ್ಟೆಯೊಳಗೆ ಇನ್ನೊಂದು ಸಣ್ಣ ಪಾಚಿ ಬಾಡಿಗೆಗೆ ಇರುವ ಕಾರಣ. ತುಂಬಾ ಜಾಸ್ತಿಯಾದರೆ ನೀರಿನ ಆಮ್ಲಜನಕ ಕಮ್ಮಿಯಾಗಿ ಮೀನು ಸಾಯುವುದೂ ಉಂಟು. ಫೋಟೊ ಹಾಕಿ ಖುಷಿಪಡಿ, ಆದರೆ ಕಡಲಿಗೆ ಅದು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ.

ಮುಸೋಡಿ ಮನೆ
ನೋಡಲಿಕ್ಕೆ ಹೋಗುವವರಿಗೆ ಕಡಲು ಚಂದ. ನಮಗೆ ಮಳೆಗಾಲ ಬಂದರೆ ನಿದ್ದೆ ಇಲ್ಲ. ಕಡಲು ಕೊರೆದು ತೆಂಗು ಹೋಯಿತು, ಅಂಗಳ ಹೋಯಿತು. ಪ್ರತಿವರ್ಷ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ, ಒಂದೆರಡು ಮಳೆಗಾಲಕ್ಕೆ ಅದೂ ಒಳಗೆ. ಇಷ್ಟು ಹೇಳಬೇಕು ಅನ್ನಿಸಿತು.

ನೀಲೇಶ್ವರ ನಿವಾಸಿ
ಮುಸೋಡಿಯವರ ಕಷ್ಟ ನಿಜ. ಅದರ ಜೊತೆ ಇನ್ನೊಂದೂ ಉಂಟು. ಕಲ್ಲು ಹಾಕಿದ ಕಡೆ ಆಮೆ ಹತ್ತಲಿಕ್ಕಾಗುವುದಿಲ್ಲ. ನಮ್ಮ ತೈಕಡಪ್ಪುರದಲ್ಲಿ ವರ್ಷಗಳಿಂದ ಊರವರೇ ಕಡಲಾಮೆಯ ಮೊಟ್ಟೆ ಕಾಯುತ್ತಾರೆ. ಬರುವುದು ಆಲಿವ್ ರಿಡ್ಲಿ ಜಾತಿ, ಚಳಿಗಾಲದ ರಾತ್ರಿಗಳಲ್ಲಿ. ಒಂದು ಗುಂಡಿಯಲ್ಲಿ ನೂರರ ಮೇಲೆ ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಗಂಡೋ ಹೆಣ್ಣೋ ತೀರ್ಮಾನ ಮಾಡುವುದು ಹೊಯಿಗೆಯ ಬಿಸಿ. ಬಿಸಿ ಜಾಸ್ತಿಯಾದರೆ ಹೆಣ್ಣು. ಮರಿ ಬೆಳಕಿನ ಕಡೆ ಓಡುತ್ತದೆ, ರೆಸಾರ್ಟಿನ ಲೈಟ್ ಇದ್ದರೆ ರಸ್ತೆಗೆ ಬರುತ್ತದೆ. ಭಾವ, ಬರುವುದಾದರೆ ಟಾರ್ಚ್ ಹೊಡೆಯಬೇಡಿ, ಮುಟ್ಟಬೇಡಿ. ಇದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ.

ಹಾಗೆಯೇ ಹೊಳೆಯ ಕಡೆಯೂ ನೋಡಿ. ನಮ್ಮ ಜಿಲ್ಲೆ 2023ರಲ್ಲಿ ತನ್ನದೇ ಜೀವಿಗಳನ್ನು ಆರಿಸಿಕೊಂಡಿತು. ಹಕ್ಕಿಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು, ಪ್ರಾಣಿಗಳಲ್ಲಿ ಚಂದ್ರಗಿರಿ ಹೊಳೆಯ ಮೆದು ಚಿಪ್ಪಿನ ದೈತ್ಯ ಆಮೆ. ಹದ್ದು ಎತ್ತರದ ಮರದಲ್ಲಿ ಗೂಡು ಕಟ್ಟುತ್ತದೆ, ವರ್ಷ ವರ್ಷ ಅದೇ ಗೂಡಿಗೆ ಬರುತ್ತದೆ. ಮರ ಕಡಿದರೆ ಮುಗಿಯಿತು.

ಕುಂಬಳೆ ಸೀಮೆ
ಬಂಡೆ, ಬಲೆ ಅಂತ ಹೋಗುವವರು ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳು ನೋಡಿಕೊಳ್ಳಿ. ನಮ್ಮ ಸೋದರಮಾವನಿಗೆ ಚುಚ್ಚಿ ಮೂರು ದಿನ ನರಳಿದ್ದರು. ಸುಣ್ಣ ಹಚ್ಚಿದರು, ಪ್ರಯೋಜನ ಇಲ್ಲ.

ಚೆರುವತ್ತೂರಿನ ಸೊಸೆ
ಸುಣ್ಣ ಬೇಡ. ತಡೆಯುವಷ್ಟು ಬಿಸಿನೀರಲ್ಲಿ ಕಾಲು ಇಡಬೇಕು, ಅರ್ಧ ಗಂಟೆಗಿಂತ ಜಾಸ್ತಿ. ಬಿಸಿಗೆ ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ಎಳೆಯದೆ ಆಸ್ಪತ್ರೆಗೆ ಹೋಗಿ. ಲೋಳೆಮೀನು (ಜೆಲ್ಲಿಫಿಶ್) ತಾಗಿದರೆ ಹೊಯಿಗೆ ಹಾಕಿ ಉಜ್ಜಬೇಡಿ, ಸಿಹಿನೀರೂ ಬೇಡ. ಕಡಲ ನೀರಲ್ಲೇ ತೊಳೆಯಿರಿ.

ಮೊಗ್ರಾಲ್ ಕಡಪ್ಪುರ
ಸರಿಯಾಗಿ ಹೇಳಿದಿರಿ ಅಕ್ಕ. ದಡಕ್ಕೆ ಬಿದ್ದ ಸತ್ತ ಲೋಳೆಮೀನೂ ಕುಟುಕುತ್ತದೆ, ಮಕ್ಕಳಿಗೆ ಹೇಳಿ.

ನೀರ್ಚಾಲು ಭಾವ
ಟೀಚರ್, ಮುಂದಿನ ಅಮಾವಾಸ್ಯೆಗೆ ಸೋಮೇಶ್ವರಕ್ಕೆ ಹೋಗುವ ಅಂತ ಉಂಟು. ಯಾರಾದರೂ ಜೊತೆಗೆ ಬರುತ್ತೀರಾ?

ಮಂಜೇಶ್ವರದ ಟೀಚರ್
ನಾನೂ ನಾಲ್ಕು ಮಕ್ಕಳೂ ಬರುತ್ತೇವೆ. ಹವಾಯಿ ಚಪ್ಪಲಿ ಬೇಡ, ಪಾಚಿಯಲ್ಲಿ ಜಾರುತ್ತದೆ. ಹಿಡಿತ ಇರುವ ಹಳೆಯ ಶೂ ಹಾಕಿ, ಬಂಡೆಯ ಚಿಪ್ಪು ಕಾಲು ಸೀಳುತ್ತದೆ. ತಿರುಗಿಸಿದ ಕಲ್ಲನ್ನು ಮೊದಲಿದ್ದ ಹಾಗೆಯೇ ಇಡಬೇಕು. ಬಾಟಲಿಯಲ್ಲಿ ಏನನ್ನೂ ತುಂಬಿಸಿ ತರುವಂತಿಲ್ಲ.

ಉಪ್ಪಳ ಲೋಕಲ್
ನಾನೂ ಬರುತ್ತೇನೆ. ವಾಪಸು ಬರುವಾಗ ಉಳ್ಳಾಲದಲ್ಲಿ ಬಂಗುಡೆ ಪುಳಿಮುಂಚಿ. ಭಾವನಿಗೆ ಗೋಳಿಬಜೆ.

ನೀಲಿ ನೀರು
ನನಗೂ ಒಂದು ಸೀಟು ಇಡಿ. ಟೀಚರ್, ಇಳಿತ ಎಷ್ಟು ಗಂಟೆಗೆ?

ಮಂಜೇಶ್ವರದ ಟೀಚರ್
ಮಂಗಳೂರು ಬಂದರಿನ ಇಳಿತದ ಪಟ್ಟಿ ನೋಡಿ ಹಾಕುತ್ತೇನೆ. ಪಂಚಾಂಗದಲ್ಲಿ ಗಂಟೆ ಸಿಗುವುದಿಲ್ಲ.